ಬೆಲ್ಟಿನ ಹೊಸ ತೂತು

"ಬಿರ್ಟೆ, ಏ ಬಿರ್ಟೆ! ನಿನ್ನ ಗಂಡನ ಬೆಲ್ಟಿಗೆ ಹೊಸ ತೂತು ಬಿತ್ತಂತೆ, ಹೌದಾ? ಅದೂ ಒಳಗಡೆಗೆ?"

"ಯಾರೇ ಹೇಳಿದ್ದು ನಿಂಗೆ?"

"ಮೊಗೆನ್ಸ್ ಹೇಳ್ದ. ಅವನಿಗೆ ನಿನ್ನ ಗಂಡನೇ ಹೇಳಿದ್ನಂತೆ. ಪೆಟ್ರೋಲ್ ಬಂಕಲ್ಲಿ ಅಂಗಿ ಎತ್ತಿ ತೋರಿಸಿದ್ನಂತೆ!"

"ನಿಜ ಕಣೇ. ನಿನ್ನೆ ನಾನೇ ದಬ್ಬಳದಲ್ಲಿ ಹೊಡೆದೆ. ಮದುವೆ ಆದಾಗಿಂದ ಆ ಬೆಲ್ಟಿಗೆ ಹೊರಗಡೆಗೇ ತೂತು ಹೊಡೆದೂ ಹೊಡೆದೂ ನನ್ನ ಕೈ ತಾನಾಗೇ ಆ ಕಡೆ ಹೋಗ್ತಿತ್ತು. ತಿರುಗಿಸಿ ತಿರುಗಿಸಿ ನೋಡಿ ಹೊಡೀಬೇಕಾಯ್ತು."

ಹೊರಗೆ ಹೆಂಡತಿ ನೆರೆಯವಳ ಜೊತೆ ಆಡುತ್ತಿದ್ದ ಮಾತನ್ನು ಅಡುಗೆಮನೆಯ ಕಿಟಕಿಯ ಈಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಪ್ರೇಬೆನ್‌ನ ಎದೆ ಉಬ್ಬಿತು. ಇಷ್ಟು ವರ್ಷ ಉಬ್ಬುವ ಕೆಲಸವನ್ನೆಲ್ಲ ಹೊಟ್ಟೆಯೇ ವಹಿಸಿಕೊಂಡಿತ್ತು. ಅದು ಸ್ವಲ್ಪ ಹಿಂದೆ ಸರಿದ ಮೇಲೆ ಈಗ ಎದೆಗೂ ಒಂದು ಅವಕಾಶ ಸಿಕ್ಕಿತ್ತು. ಅವನ ಒಂದು ಕೈಯಲ್ಲಿ ಸ್ಕೀರ್ ಡಬ್ಬಿ, ಇನ್ನೊಂದರಲ್ಲಿ ಚಮಚ. ಸ್ಕೀರ್ ಅಂದರೆ ಕೊಬ್ಬೆಲ್ಲ ತೆಗೆದ ಗಟ್ಟಿ ಮೊಸರು, ಸುಣ್ಣದ ಹಾಗೆ ಬೆಳ್ಳಗೆ, ಹೆಚ್ಚುಕಮ್ಮಿ ಸುಣ್ಣದಷ್ಟೇ ರುಚಿ. ಆದರೆ ಪ್ರೋಟೀನ್ ಮಾತ್ರ ದಂಡಿಯಾಗಿ. ಮುಚ್ಚಳ ತೆಗಿ, ಚಮಚ ಹಾಕು, ಮುಗೀತು. ಒಲೆ ಹಚ್ಚೋದಿಲ್ಲ, ಪಾತ್ರೆ ತೊಳೆಯೋದಿಲ್ಲ. ಆರು ವಾರದಿಂದ ಬೆಳಗ್ಗೆ ಬೆಳಗ್ಗೆ ಇದೇ ತಿಂಡಿ.

ಇದಕ್ಕೆಲ್ಲ ಕಾರಣ ಒಂದು ಕುದುರೆ.

ಪ್ರೇಬೆನ್ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಾರು ಓಡಿಸುವವರು ಶಿಷ್ಯರು. ಇವನು ಪಕ್ಕದಲ್ಲಿ ಕೂತು "ಎಡಕ್ಕೆ", "ಬಲಕ್ಕೆ", "ಅಯ್ಯೋ ದೇವರೇ" ಅನ್ನುತ್ತ ಬಿಸ್ಕತ್ತು ತಿನ್ನುವವನು. ಹಾಗೆ ಇಪ್ಪತ್ತು ವರ್ಷ ಕೂತ ಫಲ ಸೊಂಟದ ಸುತ್ತ ಕೂತಿತ್ತು. ಅದರಿಂದ ಅವನಿಗೇನೂ ತೊಂದರೆ ಇರಲಿಲ್ಲ. ಆದರೆ ಡೆನ್ಮಾರ್ಕಿನ ಆಲ್ಸ್ ದ್ವೀಪದ ಆ ನೋರ್‌ಬಲ್ಲೆ ಊರಲ್ಲಿ ಬೇಸಿಗೆ ಅಂದರೆ ಉಂಗುರ ಸವಾರಿ. ಕುದುರೆ ಓಡಿಸುತ್ತ ಕಮಾನಿನಿಂದ ನೇತಾಡುವ ಪುಟ್ಟ ಉಂಗುರಕ್ಕೆ ಭರ್ಜಿ ಸಿಕ್ಕಿಸಿ ಎತ್ತಬೇಕು. ಹೆಚ್ಚು ಉಂಗುರ ಎತ್ತಿದವನು ಆ ವರ್ಷದ ರಾಜ. ಪ್ರೇಬೆನ್‌ಗೆ ಸ್ವಂತ ಕುದುರೆ ಇಲ್ಲ. ಹಿತ್ತಲ ಬೇಲಿಯಾಚೆಗಿನ ಹುಲ್ಲುಗಾವಲು ಇಂಗೆಲಿಸಳದು, ಅಲ್ಲಿ ಮೇಯುವ ಕಂದು ಕುದುರೆ ಟುಲ್ಲೆಯೂ ಅವಳದೇ. ಪ್ರತಿ ವರ್ಷ ಅವಳೇ ಇವನಿಗೆ ಟುಲ್ಲೆಯನ್ನು ಕೊಡುತ್ತಿದ್ದಳು. ಈ ವಸಂತದಲ್ಲಿ ಅಭ್ಯಾಸಕ್ಕೆಂದು ಇವನು ಜೀನಿನ ಮೇಲೆ ಕೂತಾಗ ಟುಲ್ಲೆ ಓಡಲಿಲ್ಲ. ಕತ್ತು ತಿರುಗಿಸಿ, ಬಾಡಿಗೆ ಬಾಕಿ ಇಟ್ಟವನನ್ನು ಮನೆಯೊಡತಿ ನೋಡುವ ಹಾಗೆ ಇವನನ್ನು ನೋಡಿತು.

ಇಂಗೆಲಿಸ್ ಅವತ್ತೇ ಹೇಳಿಬಿಟ್ಟಳು. "ತೊಂಬತ್ತು ಕಿಲೋ. ಸವಾರಿಯ ಹಿಂದಿನ ಸಂಜೆ ನಾನೇ ತೂಗ್ತೀನಿ. ಒಂದು ಬಟಾಣಿಯಷ್ಟು ಜಾಸ್ತಿ ಇದ್ರೂ ಕುದುರೆ ಇಲ್ಲ. ನೀನು ಬನ್ನಿಗೆ ಬೆಣ್ಣೆ ಹಚ್ಚೋಕೆ ಹೋಗು."

ಬೆಣ್ಣೆ! ಪ್ರೇಬೆನ್‌ಗೆ ಕುದುರೆಗಿಂತ ಇದೇ ಹೆಚ್ಚು ಚುಚ್ಚಿದ್ದು. ಸವಾರಿ ಸಂಘದ ಸದಸ್ಯರಲ್ಲಿ ಆ ವರ್ಷ ಕುದುರೆ ಹತ್ತದವನು ಸವಾರಿಯ ದಿನ ಬೆಳಗ್ಗೆ ಟೆಂಟಿನಲ್ಲಿ ಏಪ್ರನ್ ಕಟ್ಟಿಕೊಂಡು ನಿಂತು, ಸವಾರರಿಗೆಲ್ಲ ಬನ್ನು ಕುಯ್ದು ಬೆಣ್ಣೆ ಹಚ್ಚಿ ಕೊಡಬೇಕು. ಅದು ಅಲ್ಲಿನ ಪದ್ಧತಿ. ಹೋದ ವರ್ಷ ಮಣಿಕಟ್ಟು ಮುರಿದುಕೊಂಡು ಆ ಏಪ್ರನ್ ಕಟ್ಟಿದವನು ಬೀದಿಯ ತುದಿಯ ಮನೆಯ ವಿಗ್ಗೋ. ಒಂದೇ ಕೈಯಲ್ಲಿ ಪಾಪ ಅವನು ಬೆಣ್ಣೆ ಹಚ್ಚುತ್ತಿದ್ದಾಗ, ಕುದುರೆ ಮೇಲಿನಿಂದ "ಏ ಬೆಣ್ಣೆ ವಿಗ್ಗೋ, ಈ ಕಡೆ ಅಂಚಿಗೆ ಹತ್ತಿಲ್ಲ ನೋಡು!" ಅಂದವನು ಪ್ರೇಬೆನ್. ಅಲ್ಲಿಗೆ ಬಿಡಲಿಲ್ಲ. ಕ್ರಿಸ್‌ಮಸ್‌ಗೆ ಅವನಿಗೆ ಬೆಣ್ಣೆ ಚಾಕು ಉಡುಗೊರೆ ಕೊಟ್ಟ. ವಿಗ್ಗೋ ನಗುತ್ತಲೇ ತೆಗೆದುಕೊಂಡಿದ್ದ. ಆ ಏಪ್ರನ್ನನ್ನು ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದಾನೆ ಅಂತ ಊರಲ್ಲಿ ಸುದ್ದಿ.

ಆ ತೂಕದ ಸಂಜೆ ಇವತ್ತೇ. ಐದು ಗಂಟೆಗೆ.

ಬೆಳಗ್ಗೆ ಎದ್ದವನೇ ಪ್ರೇಬೆನ್ ಸ್ನಾನದ ಮನೆಯ ತಕ್ಕಡಿ ಹತ್ತಿದ್ದ. ಮುಳ್ಳು ತೊಂಬತ್ತರ ಗೆರೆಯ ಮೇಲೆ ನಿಂತು, ಆ ಕಡೆ ಹೋಗಲೋ ಈ ಕಡೆ ಬರಲೋ ಅಂತ ಯೋಚಿಸುತ್ತಿತ್ತು. ಪ್ರೇಬೆನ್‌ಗೆ ಕಿಂಚಿತ್ತೂ ಭಯವಾಗಲಿಲ್ಲ. ಇವತ್ತಿನ ತಿಂಡಿ ಹಗುರವಾಗಿ, ಚುರುಕಾಗಿ, ಪ್ರೋಟೀನಿನದ್ದಾಗಿದ್ದರೆ ಸಂಜೆಯ ಹೊತ್ತಿಗೆ ಮುಳ್ಳು ತಾನಾಗಿ ಈ ಕಡೆ ಬರುತ್ತದೆ. ಲೆಕ್ಕ ಪಕ್ಕಾ.

ಎರಡನೇ ಚಮಚ ಬಾಯಿಗಿಡುವಷ್ಟರಲ್ಲಿ ಹಿಂಬಾಗಿಲು ತೆರೆದುಕೊಂಡಿತು. ಆಸ್ಟ್ರಿಡ್ ಬಾಗಿಲು ತಟ್ಟುವವಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಡೀ ಆಯುಸ್ಸು ಬಡಿಸಿ ನಿವೃತ್ತಳಾದವಳು; ಇನ್ನೊಬ್ಬರು ಏನು ತಿನ್ನುತ್ತಿದ್ದಾರೆ ಅನ್ನುವುದು ತನ್ನ ಖಾತೆಗೇ ಸೇರಿದ್ದು ಅಂದುಕೊಂಡಿದ್ದಳು.

"ಮೊಯ್ನ್!" ಅಂತ ಆ ಕಡೆಯ ನಮಸ್ಕಾರ ಹೇಳಿದಳು. "ಏನದು, ಇನ್ನೂ ಆ ಸುಣ್ಣಾನೇ ತಿಂತಿದೀಯಾ? ತೂಕದ ದಿನ ಮೊಸರು ತಿಂತಾರೇನೋ! ಮೊಸರು ಅಂದ್ರೆ ನೀರು. ನೀರು ಅಂದ್ರೆ ತೂಕ. ಮೊಟ್ಟೆ ತಿನ್ನೋ, ಮೊಟ್ಟೆ! ಒಳಗೆ ಹೋಗಿ ಗಟ್ಟಿಯಾಗಿ ಕೂರುತ್ತೆ, ಸಂಜೆವರೆಗೂ ಹಸಿವಾಗಲ್ಲ."

"ಒಳಗೆ ಹೋಗಿ ಗಟ್ಟಿಯಾಗಿ ಕೂತ್ರೆ ತೂಕ ಹೆಂಗೆ ಕಮ್ಮಿ ಆಗುತ್ತೆ?"

"ನೀನು ಕಾರಿನ ಮೇಷ್ಟ್ರೋ, ಹೊಟ್ಟೆ ಮೇಷ್ಟ್ರೋ? ಹೇಳಿದ್ದು ಕೇಳು. ಇವತ್ತು ಹತ್ತಕ್ಕೆ ನಂಗೆ ಪಾಠ ಇದೆಯಲ್ಲ, ಬೇಯಿಸಿಕೊಂಡೇ ಬರ್ತೀನಿ. ತಗೋ, ಇದು ಸುಮ್ಮನೆ. ಬೆಳಗ್ಗೆ ಬರಿಗೈಲಿ ಬರೋದು ಹೇಗೆ ಅಂತ."

ಕಾಗದದ ಚೀಲ ಮೇಜಿನ ಮೇಲೆ ಕೂತಿತು. ಒಳಗೆ ಬಿಸಿ ಬನ್ನು. ಬೇಕರಿಯ ಘಮ ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದು ಪ್ರೇಬೆನ್‌ನ ಮೂಗಿನ ಕೆಳಗೆ ಪಟ್ಟಾಗಿ ನಿಂತಿತು.

ಬೇಡ ಅನ್ನುವ ಹಾಗಿರಲಿಲ್ಲ. ಆ ಕಡೆಯ ಜನ ಸಾಲವನ್ನಾದರೂ ಮನ್ನಾ ಮಾಡಿಯಾರು, ಬನ್ನು ತಿರಸ್ಕರಿಸಿದವನನ್ನು ಕ್ಷಮಿಸುವುದಿಲ್ಲ. ಬೇಡ ಅಂದರೆ ಮಧ್ಯಾಹ್ನದೊಳಗೆ "ಆ ಮನೇಲಿ ಏನೋ ಸರಿ ಇಲ್ಲ" ಅಂತ ಸುದ್ದಿ ಹಬ್ಬಿ, ಸಂಜೆಯೊಳಗೆ ಸಮಾಧಾನ ಹೇಳುವುದಕ್ಕೆ ಇನ್ನೂ ನಾಲ್ಕು ಜನ ಬರುತ್ತಾರೆ, ಕೈಯಲ್ಲಿ ಕೇಕು ಹಿಡಿದು. ಅದಕ್ಕೇ ಪ್ರೇಬೆನ್ ಆರು ವಾರದಿಂದ ಒಂದು ಉಪಾಯ ಕಂಡುಕೊಂಡಿದ್ದ.

"ಥ್ಯಾಂಕ್ಸ್ ಆಸ್ಟ್ರಿಡ್! ಹಿತ್ತಲಲ್ಲಿ ಬಿಸಿಲಿಗೆ ಕೂತು ತಿಂತೀನಿ," ಅಂದವನೇ ಚೀಲ ಎತ್ತಿಕೊಂಡು ಹೊರಟ.

ಹಿತ್ತಲ ಬೇಲಿಯ ಆಚೆ ಟುಲ್ಲೆ ಕಾಯುತ್ತಿತ್ತು. ಇಡೀ ನೋರ್‌ಬಲ್ಲೆಯಲ್ಲಿ ತಿಂಡಿಯ ಬಗ್ಗೆ ಉಪದೇಶ ಮಾಡದ ನೆರೆಯವಳು ಅವಳೊಬ್ಬಳೇ. ಪ್ರೇಬೆನ್ ಒಂದೊಂದೇ ಬನ್ನು ಅಂಗೈಯಲ್ಲಿಟ್ಟು ಚಾಚಿದ. ಮೆತ್ತಗಿನ ತುಟಿ ಒಂದೊಂದನ್ನೇ ಒರೆಸಿಕೊಂಡು ಹೋಯಿತು.

"ನಾಳೆ ನಾವಿಬ್ಬರೂ ತೋರಿಸೋಣ ಕಣೇ ಇವರಿಗೆ," ಅಂತ ಅದರ ಹಣೆ ತಟ್ಟಿ, ಖಾಲಿ ಚೀಲ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಬಂದ.

ಒಳಗೆ ಈಗ ಮೊಗೆನ್ಸ್ ಇದ್ದ. ಮೀನಿಗೆ ಹೊಗೆ ಹಾಕುವುದು ಅವನ ಕಸುಬು. ಮನುಷ್ಯ ಬರುವುದಕ್ಕೆ ಮುಂಚೆ ಅವನ ವಾಸನೆ ಬರುತ್ತಿತ್ತು. ಕಂಕುಳಲ್ಲಿ ಪೇಪರು ಸುತ್ತಿದ ಒಂದು ಬಂಗುಡೆ.

"ಮೊಟ್ಟೆನಾ? ಯಾರು ಹೇಳಿದ್ದು ಮೊಟ್ಟೆ ಅಂತ?" ಅಂತ ಅವನು ಆಸ್ಟ್ರಿಡ್‌ಳನ್ನು ಕೇಳುತ್ತಿದ್ದ. "ಮೊಟ್ಟೇಲಿ ಗಾಳಿ ಇರುತ್ತೆ, ಹೊಟ್ಟೆ ಉಬ್ಬುತ್ತೆ. ಮೀನು ನೋಡು, ಹುಟ್ಟಿದಾಗಿಂದ ಸಾಯೋವರೆಗೂ ಈಜೋದೇ. ಒಂದಾದ್ರೂ ದಪ್ಪ ಬಂಗುಡೆ ನೋಡಿದೀಯಾ?"

"ನೀನು ದಿನಾ ಮೀನು ತಿಂತೀಯಲ್ಲ, ನಿನ್ನ ಹೊಟ್ಟೆ ಯಾಕೆ ಹಂಗಿದೆ?" ಅಂದಳು ಆಸ್ಟ್ರಿಡ್.

"ಅದು ಬಿಯರು. ಮೀನಿನ ತಪ್ಪಲ್ಲ." ಮೊಗೆನ್ಸ್ ಬಂಗುಡೆ ಬಿಚ್ಚಿದ. "ಪ್ರೇಬೆನ್, ತಗೋ. ಬೇಯಿಸೋದು ಬೇಡ, ಬಡಿಸೋದು ಬೇಡ. ಮುಳ್ಳು ತೆಗಿ, ಬಾಯಿಗೆ ಹಾಕು. ಇದಕ್ಕಿಂತ ಬೇಗದ ತಿಂಡಿ ಇದ್ರೆ ತೋರಿಸು."

"ಆಗ್ಲೇ ಸ್ಕೀರ್ ತಿಂದೆ ಮಾರಾಯ."

"ಅದು ತಿಂಡಿ ಅಲ್ಲ, ಔಷಧಿ. ನಾನು ನೋಡ್ಕೊಂಡೇ ಹೋಗ್ತೀನಿ, ತಿನ್ನು."

ಬಂಗುಡೆಯನ್ನು ಕುದುರೆ ತಿನ್ನುವುದಿಲ್ಲ. ಪ್ರೇಬೆನ್ ಅರ್ಧ ತಿಂದ. ಮೊಗೆನ್ಸ್ ನೋಡುತ್ತಲೇ ಇದ್ದ. ಇನ್ನರ್ಧವನ್ನೂ ತಿಂದ. ಬಿರ್ಟೆ ಬಾಗಿಲಲ್ಲಿ ನಿಂತು, "ಬೆಲ್ಟು ಹುಷಾರು ಕಣೋ. ಆ ತೂತನ್ನ ವಾಪಸ್ ಮುಚ್ಚೋಕೆ ಬರಲ್ಲ ನಂಗೆ," ಅಂದಳು.

"ಏನೂ ಆಗಲ್ಲ ಬಿರ್ಟೆ. ಎಲ್ಲಾ ಪ್ರೋಟೀನು," ಅಂದ ಪ್ರೇಬೆನ್, ಹಲ್ಲಿನ ಸಂದಿಯ ಮುಳ್ಳು ತೆಗೆಯುತ್ತ. "ಪ್ರೋಟೀನು ತೂಗೋದಿಲ್ಲ."

ಹತ್ತು ಗಂಟೆಗೆ ಆಸ್ಟ್ರಿಡ್‌ಳ ಪಾಠ. ಗಂಡ ಇರುವವರೆಗೆ ಅವನೇ ಕಾರು ಓಡಿಸುತ್ತಿದ್ದ. ಅವನು ಹೋದ ಮೇಲೆ ಕಾರು ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯುವುದನ್ನು ನೋಡಲಾರದೆ, ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳು ಕಲಿಯಲು ಶುರುಮಾಡಿದ್ದಳು. ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಬ್ರೇಕ್ ಮೇಲೆ ಕಾಲಿಡುವುದನ್ನು ಮಾತ್ರ ಅವಳು ಸೋಲು ಅಂದುಕೊಂಡಿದ್ದಳು.

ಸೀಟಿನಲ್ಲಿ ಕೂತವಳೇ ತೊಡೆಯ ಮೇಲೆ ಟವೆಲ್ ಬಿಚ್ಚಿದಳು. ಬೇಯಿಸಿ ಸುಲಿದ ಎರಡು ಮೊಟ್ಟೆ.

"ನೀನು ತಿನ್ನು, ನಾನು ಓಡಿಸ್ತೀನಿ."

"ಕನ್ನಡಿ ನೋಡು ಮೊದಲು."

"ನೋಡ್ದೆ. ಚೆನ್ನಾಗೇ ಇದೀನಿ. ತಿನ್ನು ನೀನು!"

ಮರುದಿನದ ಸವಾರಿಗಾಗಿ ಊರು ಸಿಂಗಾರವಾಗಿತ್ತು. ಮನೆಮನೆಯ ಮುಂದೆ ಬಿಳಿ ಕಂಬ, ಕಂಬದ ತುದಿಯಲ್ಲಿ ಕೆಂಪು ಬಿಳಿ ಬಾವುಟ. ಪ್ರೇಬೆನ್ ಮೊದಲನೆಯ ಮೊಟ್ಟೆಯನ್ನು ಎರಡೇ ತುತ್ತಿಗೆ ಮುಗಿಸಿದ. ಎರಡನೆಯದನ್ನು ಕೈಗೆತ್ತಿಕೊಳ್ಳುವಾಗ ಆಸ್ಟ್ರಿಡ್ "ಉಪ್ಪು ತಂದಿದೀನಿ, ಇರು," ಅಂತ ಸ್ಟೀರಿಂಗ್ ಬಿಟ್ಟು ಜೇಬಿಗೆ ಕೈ ಹಾಕಿದಳು. ಕಾರು ಒಂದು ಸಲ ಸೊಂಟ ಬಳುಕಿಸಿತು. ನುಣ್ಣಗಿನ ಮೊಟ್ಟೆ ಪ್ರೇಬೆನ್‌ನ ಬೆರಳಿಂದ ಜಾರಿ, ಅವನ ಮೊಣಕಾಲಿಗೆ ಬಡಿದು, ಅವಳ ಕಾಲಿನ ಕಡೆಗೆ ಉರುಳಿತು.

"ಮೊಟ್ಟೆ ಬಿತ್ತು!"

"ಮೊಟ್ಟೆ ಬಿಡು, ರಸ್ತೆ ನೋಡು!"

"ಬಿಡೋದಾ? ಚೆಂದದ ಮೊಟ್ಟೆ ಕಣೋ ಅದು. ತೆಗಿ, ತೆಗಿ!"

ಪ್ರೇಬೆನ್ ಬಗ್ಗಿದ. ಆರು ವಾರದ ಕೆಳಗೆ ಹಾಗೆ ಬಗ್ಗುವುದು ಅವನಿಂದ ಸಾಧ್ಯವೇ ಇರಲಿಲ್ಲ. ಆ ಖುಷಿಯಲ್ಲಿ ಇನ್ನೂ ಸ್ವಲ್ಪ ಬಗ್ಗಿದ. ಬೆರಳ ತುದಿಗೆ ಮೊಟ್ಟೆ ತಗುಲಿತು, ಇನ್ನೂ ಆಚೆ ಉರುಳಿ ಅವಳ ಬ್ರೇಕಿನ ಕೆಳಗೆ ಹೋಗಿ ಸೇರಿಕೊಂಡಿತು. ತಲೆ ಎತ್ತಿದಾಗ ಎದುರಿಗೆ ರಸ್ತೆ ಇರಲಿಲ್ಲ. ಹುಲ್ಲಿತ್ತು. ಹುಲ್ಲಿನ ನಡುವೆ ಬಿಳಿ ಕಂಬವಿತ್ತು. ಕಂಬದ ಪಕ್ಕ, ಬಾಯಿ ತೆರೆದು ನಿಂತ ವಿಗ್ಗೋ ಇದ್ದ.

ಪಾಠದ ಕಾರಿನಲ್ಲಿ ಮೇಷ್ಟ್ರ ಕಾಲಿಗೂ ಒಂದು ಬ್ರೇಕು; ಇಬ್ಬರೂ ಒಟ್ಟಿಗೆ ಒತ್ತಿದರು. ಮೊಟ್ಟೆ ಪಚಕ್ಕೆಂದಿತು. ಕಾರು ಹೋಗಿ ಕಂಬದ ಕೆನ್ನೆಗೆ ಒಂದು ಮುತ್ತು ಕೊಟ್ಟು ನಿಂತಿತು. ಹಳೆಯ ಕಂಬ, ಕೆನ್ನೆಗೆ ಮುತ್ತು ಬಿದ್ದದ್ದೇ ನಾಚಿಕೊಂಡ ಹಾಗೆ ನಿಧಾನವಾಗಿ ವಾಲತೊಡಗಿತು.

"ಬಾವುಟ!" ಅಂತ ಕಿರುಚಿದ ವಿಗ್ಗೋ. "ನೆಲ ಮುಟ್ಟುತ್ತೆ! ಬಾವುಟ!"

ಕಂಬ ಮುರಿದರೆ ಹೊಸದು ತರಬಹುದು, ಕಾರು ಜಜ್ಜಿದರೆ ನೆಟ್ಟಗೆ ಮಾಡಿಸಬಹುದು. ಬಾವುಟ ನೆಲ ಮುಟ್ಟಿದರೆ ಆ ಬೀದಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಪ್ರೇಬೆನ್ ಬಾಗಿಲು ತೆರೆದು ಜಿಂಕೆಯ ಹಾಗೆ ಹಾರಿದ. ಇಳಿದು ಬರುತ್ತಿದ್ದ ಬಾವುಟವನ್ನು ಎರಡೂ ತೋಳಲ್ಲಿ ಹಿಡಿದು ಎದೆಗಪ್ಪಿಕೊಂಡ. ಕಂಬ ಅವನ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿತು.

ಆಮೇಲೆ ಆಸ್ಟ್ರಿಡ್ ಕಿಟಕಿ ಇಳಿಸಿ, "ನೋಡಿದ್ಯಾ ವಿಗ್ಗೋ, ಮೊಟ್ಟೆ ತಿಂದ್ರೆ ಹೆಂಗೆ ಶಕ್ತಿ ಬರುತ್ತೆ!" ಅಂದಳು.

ವಿಗ್ಗೋ ಕಂಬ ನೋಡಿದ. ಬಾವುಟ ನೋಡಿದ. ಪ್ರೇಬೆನ್‌ನ ಬೆಲ್ಟಿನ ಹೊಸ ತೂತನ್ನೂ ನೋಡಿದ. ಅವನ ಮುಖದಲ್ಲಿ ಸಿಟ್ಟಿನ ಜಾಗಕ್ಕೆ ಒಂದು ಮಧುರವಾದ ನಗೆ ಬಂತು. ಪ್ರೇಬೆನ್‌ಗೆ ಸಿಟ್ಟಿಗಿಂತ ಆ ನಗೆಯೇ ಭಯಂಕರವಾಗಿ ಕಂಡಿತು.

"ಕಂಬದ ಮಾತು ಆಮೇಲೆ," ಅಂದ ವಿಗ್ಗೋ. "ನನ್ನ ಬಾವುಟ ಉಳಿಸಿದೀಯ ನೀನು. ಕಾಫಿ ಕುಡೀದೆ ಕಳಿಸಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ. ನಾಳೆ ಸವಾರಿಗೆ ನೆಂಟರು ಬರ್ತಾರಲ್ಲ, ನಿನ್ನೆ ರಾತ್ರಿಯೆಲ್ಲ ಬೇಯಿಸಿದೀನಿ. ಬಾ."

"ನಂಗೆ ಇವತ್ತು ತೂಕ ವಿಗ್ಗೋ..."

"ಗೊತ್ತು. ಬಾ."

ಕಾಫಿ ಅಂದರೆ ಆ ಸೀಮೆಯಲ್ಲಿ ಕಾಫಿ ಅಲ್ಲ. ಏಳು ಬಗೆಯ ಮೆತ್ತನೆ ಕೇಕು, ಏಳು ಬಗೆಯ ಗರಿ ಬಿಸ್ಕತ್ತು, ನಡುವೆ ತಪ್ಪಿ ಎಲ್ಲೋ ಒಂದು ಲೋಟ ಕಾಫಿ. ಬಡಿಸಿದ್ದರಲ್ಲಿ ಒಂದನ್ನು ಬಿಟ್ಟರೂ ಆ ಒಂದನ್ನು ಮಾಡಿದ ಕೈಗೆ ಅವಮಾನ. ಮೇಜಿನ ಮೇಲೆ ಕೆನೆ ಗೋಪುರಗಳು ಎದ್ದು ನಿಂತಿದ್ದವು. ನಡುವೆ ರೈ ಬ್ರೆಡ್ಡಿನ ಪದರ ಪದರದ ಕೇಕು, ಅದರ ಮೇಲೆ ಕಪ್ಪು ಹಣ್ಣಿನ ಜಾಮು, ಅದರ ಮೇಲೆ ಮತ್ತೆ ಕೆನೆ. ಆಸ್ಟ್ರಿಡ್ ಆಗಲೇ ತಟ್ಟೆ ಹಿಡಿದು ಕೂತಿದ್ದಳು.

"ಇದ್ರಲ್ಲಿ ಪ್ರೋಟೀನ್ ಇದೆಯಾ?" ಅಂತ ಕೇಳಿದ ಪ್ರೇಬೆನ್, ಸಣ್ಣ ದನಿಯಲ್ಲಿ.

"ಓ, ಬೇಕಾದಷ್ಟು! ಹನ್ನೆರಡು ಮೊಟ್ಟೆ ಹಾಕಿದೀನಿ," ಅಂತ ವಿಗ್ಗೋ ದೊಡ್ಡ ತುಂಡು ಕುಯ್ದ. "ಕೆನೆಯೂ ಹಾಲೇ ತಾನೆ. ನಿನ್ನ ಸ್ಕೀರಿನ ದೊಡ್ಡಪ್ಪ ಅಂದ್ಕೋ."

ಪ್ರೇಬೆನ್ ಒಂದು ಚಮಚ ಬಾಯಿಗಿಟ್ಟ. ಆರು ವಾರದಿಂದ ಸುಣ್ಣ ಕಂಡಿದ್ದ ನಾಲಗೆ ಕಣ್ಣೀರು ಹಾಕುವುದೊಂದು ಬಾಕಿ. ಇನ್ನೊಂದು ಚಮಚಕ್ಕೆ ಕೈ ತಾನಾಗಿ ಏಳುತ್ತಿತ್ತು. ಆಗ ಅವನ ಕಣ್ಣು ಗೋಡೆಯ ಮೇಲೆ ಬಿತ್ತು. ಅಲ್ಲಿ ಮೊಳೆಗೆ ಬಿಳಿ ಏಪ್ರನ್ ತೂಗುತ್ತಿತ್ತು. ಇಸ್ತ್ರಿಯ ಗೆರೆ ಕತ್ತಿಯ ಹಾಗೆ ನೆಟ್ಟಗಿತ್ತು. ಅದರ ಜೇಬಿನಲ್ಲಿ ಅವನೇ ಕೊಟ್ಟ ಬೆಣ್ಣೆ ಚಾಕು.

ಚಮಚ ತಟ್ಟೆಗೆ ವಾಪಸಾಯಿತು. ಪ್ರೇಬೆನ್‌ನ ಕೋಟಿಗೆ ದೊಡ್ಡ ದೊಡ್ಡ ಜೇಬು. ವಿಗ್ಗೋ ಕಾಫಿ ತರಲು ತಿರುಗಿದಾಗ ಬಾದಾಮಿ ಬಿಸ್ಕತ್ತು ಪೇಪರ್ ಕರವಸ್ತ್ರದೊಳಗೆ, ಕರವಸ್ತ್ರ ಜೇಬಿನೊಳಗೆ. ಆಸ್ಟ್ರಿಡ್ ಸಕ್ಕರೆಗೆ ಕೈ ಚಾಚಿದಾಗ ದಾಲ್ಚಿನ್ನಿ ಸುರುಳಿ ಇನ್ನೊಂದು ಜೇಬಿಗೆ. ಮೆತ್ತನೆಯವನ್ನು ಜೇಬಿಗಿಡುವುದು ಕಷ್ಟ. ಅವನ್ನು ಚಮಚದಲ್ಲಿ ಒತ್ತಿ ಒತ್ತಿ ಆಸ್ಟ್ರಿಡ್‌ಳ ತಟ್ಟೆಗೆ ದಾಟಿಸಿದ. ಅವಳು ಮಾತಿನ ಭರದಲ್ಲಿ ನೋಡದೆ ತಿಂದಳು. ಪ್ರತಿ ಸಲ ಖಾಲಿ ತಟ್ಟೆ ಕಂಡಾಗ ವಿಗ್ಗೋನ ಮುಖ ಅರಳುತ್ತಿತ್ತು.

"ತಿನ್ನು, ತಿನ್ನು. ಭೇಷ್! ನಂಗೊತ್ತಿತ್ತು ನೀನು ಒಳ್ಳೆ ಮನುಷ್ಯ ಅಂತ."

ಹೊರಡುವಾಗ ವಿಗ್ಗೋ ಬಾಗಿಲವರೆಗೂ ಬಂದ. "ಐದು ಗಂಟೆಗೆ ನಾನೂ ಬರ್ತೀನಿ ತೂಕ ನೋಡೋಕೆ. ಬರಿಗೈಲಿ ಬರಲ್ಲ," ಅಂತ ಏಪ್ರನ್ ಕಡೆ ಕಣ್ಣು ಹೊಡೆದ.

ಮಧ್ಯಾಹ್ನ ಪ್ರೇಬೆನ್ ಏನೂ ತಿನ್ನಲಿಲ್ಲ. ಕಂಬ ನಿಲ್ಲಿಸುವವನಿಗೆ ಫೋನು ಮಾಡಿದ, ಸಮುದ್ರದ ಗಾಳಿಗೆ ಎದುರಾಗಿ ಸೈಕಲ್ ತುಳಿದ, ಬೆವರಿದ, ಮತ್ತೆ ತುಳಿದ. ಜೇಬಿನಲ್ಲಿದ್ದುದನ್ನು ಟುಲ್ಲೆಗೆ ಕೊಡೋಣವೆಂದು ಹಿತ್ತಲಿಗೆ ಹೋದರೆ ಬೇಲಿಯ ಹತ್ತಿರ ಅದು ಇರಲಿಲ್ಲ. ಸವಾರಿಗೆ ಸಜ್ಜು ಮಾಡಲು ಇಂಗೆಲಿಸ್ ಆಗಲೇ ಲಾಯಕ್ಕೆ ಒಯ್ದಿದ್ದಳು. ಇರಲಿ, ಗೆದ್ದ ಮೇಲೆ ಬಹುಮಾನ ಅಂತ ಅಲ್ಲೇ ಕೊಡ್ತೀನಿ ಅಂದುಕೊಂಡ.

ಐದಕ್ಕೆ ಲಾಯದ ಮುಂದೆ ಅರ್ಧ ಬೀದಿ ಸೇರಿತ್ತು. ಇಂಗೆಲಿಸ್ ಓಟ್ಸ್ ಮೂಟೆ ತೂಗುವ ಹಳೆಯ ತಕ್ಕಡಿಯನ್ನು ಅಂಗಳಕ್ಕೆ ಎಳೆಸಿದ್ದಳು. ಅವಳು ಮಾತು ಕಡಿಮೆಯ ಹೆಂಗಸು. ಕುದುರೆಗಳ ಜೊತೆ ಇದ್ದೂ ಇದ್ದೂ ಮನುಷ್ಯರಿಗೂ ಎರಡೇ ಮಾತಲ್ಲಿ ಹೇಳುತ್ತಿದ್ದಳು.

"ಹತ್ತು."

ಪ್ರೇಬೆನ್ ಗತ್ತಿನಿಂದ ಹತ್ತಿದ. ಮುಳ್ಳು ತೊಂಬತ್ತು ದಾಟಿ ತೊಂಬತ್ತೆರಡರ ಹತ್ತಿರ ಹೋಗಿ ನಡುಗುತ್ತ ನಿಂತಿತು. ವಿಗ್ಗೋ ಏಪ್ರನ್ನಿನ ಮಡಿಕೆ ಬಿಚ್ಚತೊಡಗಿದ.

"ಬಂಗುಡೆ ತಿಂದಿದ್ರೆ ಹಿಂಗಾಗ್ತಿರಲಿಲ್ಲ," ಅಂದ ಮೊಗೆನ್ಸ್.

"ತಿಂದಿದ್ದಕ್ಕೇ ಆಗಿರೋದು!" ಅಂದಳು ಆಸ್ಟ್ರಿಡ್.

"ಒಂದು ನಿಮಿಷ," ಅಂದ ಪ್ರೇಬೆನ್. ಕೋಟು ಬಿಚ್ಚಿ ಲಾಯದ ಬಾಗಿಲ ಮೊಳೆಗೆ ನೇತುಹಾಕಿದ. ಬೂಟು ತೆಗೆದ. ಕಾಲುಚೀಲ ತೆಗೆದ. ಗಡಿಯಾರ, ಕನ್ನಡಕ, ಕೀಲಿಗೊಂಚಲು ಒಂದೊಂದಾಗಿ ಬಿರ್ಟೆಯ ಕೈಗೆ ಹೋದವು. ಮುಳ್ಳು ಹಿಂದೆ ಬಂತು. ಇನ್ನೂ ಕೂದಲೆಳೆಯಷ್ಟು ಬಾಕಿ. ಪ್ರೇಬೆನ್ ಒಮ್ಮೆ ಸುತ್ತಲೂ ನೋಡಿದ. ಆಮೇಲೆ ಆ ಬೆಲ್ಟನ್ನೇ ಎಳೆದು ತೆಗೆದು, ಪ್ಯಾಂಟನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ನಿಂತ.

ಮುಳ್ಳು ತೊಂಬತ್ತರ ಈಚೆಗೆ ಬಂತು. ಒಂದು ಮೊಟ್ಟೆಯಷ್ಟು ಈಚೆಗೆ.

"ನನ್ನ ಮೊಟ್ಟೆ!" ಅಂತ ಕೂಗಿದಳು ಆಸ್ಟ್ರಿಡ್. "ಬ್ರೇಕಿನ ಕೆಳಗೆ ಹೋಯ್ತಲ್ಲ, ಅದೇ! ಅದನ್ನೂ ತಿಂದಿದ್ರೆ ಸರಿಯಾಗಿ ಗೆರೆ ಮೇಲೆ ಇರ್ತಿದ್ದ!"

ಜನ ಚಪ್ಪಾಳೆ ತಟ್ಟಿದರು. ಬಿರ್ಟೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ವಿಗ್ಗೋನ ಮುಖ ಒದ್ದೆ ಬನ್ನಿನ ಹಾಗಾಯಿತು. ಅಷ್ಟು ಕೇಕು ತಿಂದವನು ಹೇಗೆ ಇಳಿದ ಅಂತ ಅವನಿಗೆ ತಲೆಬುಡ ತಿಳಿಯಲಿಲ್ಲ. ಪ್ರೇಬೆನ್ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಇನ್ನೊಂದು ಕೈಯನ್ನು ರಾಜನ ಹಾಗೆ ಬೀಸಿದ.

"ಛಲ ಇರಬೇಕು ವಿಗ್ಗೋ. ಬೆಳಗ್ಗೆ ಏನು ತಿಂತೀವಿ ಅನ್ನೋದರಲ್ಲಿ ಶಿಸ್ತಿರಬೇಕು. ಇಡೀ ವಿದ್ಯೆ ಇರೋದು ಅಲ್ಲೇ. ನಾಳೆ ಟೆಂಟಲ್ಲಿ ಏಪ್ರನ್ ಕಟ್ಟೋದು ಯಾರಾದ್ರೂ ಆಗ್ಲಿ, ನಂಗೆ ಮಾತ್ರ ಬೆಣ್ಣೆ ಇಲ್ಲದ ಬನ್ನು ಕೊಡೋಕೆ ಹೇಳು."

ಇಂಗೆಲಿಸ್ ಮಾತಿಗೆ ತಪ್ಪುವವಳಲ್ಲ. ತಲೆಯಾಡಿಸಿದಳು. "ಸರಿ. ಕುದುರೆ ನಿಂದು. ಜೀನು ಹಾಕಿ ನೋಡೋಣ."

ಟುಲ್ಲೆ ಲಾಯದಿಂದ ಹೊರಗೆ ಬಂತು. ಬಂತು ಅನ್ನುವುದಕ್ಕಿಂತ, ಬಾಗಿಲಿನ ಎರಡೂ ಕಡೆ ಉಜ್ಜಿಕೊಂಡು ಬಿಡಿಸಿಕೊಂಡಿತು. ಬೇಲಿಯಾಚೆಯಿಂದ ಬರೀ ಅದರ ತಲೆ ನೋಡಿದ್ದ ಪ್ರೇಬೆನ್‌ಗೆ ಇಡೀ ಕುದುರೆ ಒಟ್ಟಿಗೆ ಕಂಡದ್ದು ಎಷ್ಟೋ ದಿನದ ಮೇಲೆ. ಇಂಗೆಲಿಸ್ ಬೆನ್ನ ಮೇಲೆ ಜೀನು ಇಟ್ಟು, ಹೊಟ್ಟೆಯ ಕೆಳಗಿಂದ ಪಟ್ಟಿ ಎಳೆದಳು. ಪಟ್ಟಿ ಬಕಲ್ಲಿನವರೆಗೆ ಬರಲಿಲ್ಲ. ಮೊಣಕಾಲು ಒತ್ತಿ ಎಳೆದಳು. ಮೊಗೆನ್ಸ್ ಬಂದು ಆ ಕಡೆಯಿಂದ ತಳ್ಳಿದ. ಟುಲ್ಲೆ ನೆಮ್ಮದಿಯಾಗಿ ಉಸಿರು ಬಿಟ್ಟಿತು. ಆಗಲೂ ನಾಲ್ಕು ಬೆರಳಷ್ಟು ಕಮ್ಮಿ.

"ದಬ್ಬಳ ಚೀಲದಲ್ಲೇ ಇದೆ," ಅಂದಳು ಬಿರ್ಟೆ. "ಹೊರಗಡೆಗೆ ಒಂದು ತೂತು ಹೊಡೆದುಬಿಡ್ಲಾ? ನಂಗೆ ಅಭ್ಯಾಸ ಇದೆ."

"ಪಟ್ಟಿನೇ ಸಾಲ್ತಿಲ್ಲ. ಗಾಳಿಗೆ ಹೊಡೀತೀಯಾ ತೂತು?" ಇಂಗೆಲಿಸ್ ಹಿಂದೆ ಸರಿದು ಕುದುರೆಯನ್ನು ಮೇಲಿಂದ ಕೆಳಗೆ ನೋಡಿದಳು. "ನನಗೆ ಅರ್ಥಾನೇ ಆಗ್ತಿಲ್ಲ. ಒಂದು ತಿಂಗಳಿಂದ ಓಟ್ಸ್ ನಿಲ್ಲಿಸಿದೀನಿ. ಬರೀ ಹುಲ್ಲು. ಡಾಕ್ಟರ್ ಬಂದು ರಕ್ತ ತಗೊಂಡು ಹೋದ. ಏನೂ ಕಾಯಿಲೆ ಇಲ್ಲ ಅಂದ. ಯಾರೋ ಏನೋ ತಿನ್ನಿಸ್ತಿದಾರೆ ಅಂದ. ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ತಲೆ ಅಲ್ಲಾಡಿಸಿದರು. ಪ್ರೇಬೆನ್ ಎಲ್ಲರಿಗಿಂತ ಜೋರಾಗಿ ಅಲ್ಲಾಡಿಸಿದ.

ಟುಲ್ಲೆಗೆ ಮಾತ್ರ ಗೊತ್ತಿತ್ತು. ಅದು ಹಗ್ಗ ಜಗ್ಗಿಕೊಂಡು, ಇಂಗೆಲಿಸಳನ್ನು ದಾಟಿ, ವಿಗ್ಗೋನನ್ನು ಪಕ್ಕಕ್ಕೆ ತಳ್ಳಿ, ನೇರವಾಗಿ ಬಾಗಿಲ ಮೊಳೆಯ ಹತ್ತಿರ ಹೋಯಿತು. ನೇತುಹಾಕಿದ್ದ ಕೋಟಿನ ಬಲಜೇಬಿಗೆ ಮೂತಿ ತೂರಿಸಿ ಒಂದು ಕರವಸ್ತ್ರ ಎಳೆಯಿತು. ಬಾದಾಮಿ ಬಿಸ್ಕತ್ತು ಅಂಗಳದ ತುಂಬ ಚೆಲ್ಲಿದವು. ಎಡಜೇಬು ಎಲ್ಲಿದೆ ಅಂತಲೂ ಅದಕ್ಕೆ ಹೇಳಿಕೊಡಬೇಕಾಗಲಿಲ್ಲ. ದಾಲ್ಚಿನ್ನಿ ಸುರುಳಿ ಹೊರಗೆ ಬಂತು. ಅದರ ಹಿಂದೆಯೇ, ಮಡಚಿಟ್ಟಿದ್ದ ಬೇಕರಿಯ ಖಾಲಿ ಚೀಲ.

"ನನ್ನ ಬಿಸ್ಕತ್ತು!" ಅಂದ ವಿಗ್ಗೋ.

"ನನ್ನ ಬನ್ನಿನ ಚೀಲ!" ಅಂದಳು ಆಸ್ಟ್ರಿಡ್. "ಬಿಸಿಲಿಗೆ ಕೂತು ತಿಂತೀನಿ ಅಂದ್ಯಲ್ಲೋ! ಆರು ವಾರದಿಂದ ತಂದುಕೊಟ್ಟೆನಲ್ಲೋ!"

ಪ್ರೇಬೆನ್‌ನ ಮುಖ ಬಾವುಟದ ಹಾಗೆ ಒಂದು ಸಲ ಕೆಂಪಾಗಿ ಒಂದು ಸಲ ಬಿಳುಪಾಯಿತು. ಕೈ ಸಡಿಲವಾಗಿ ಪ್ಯಾಂಟು ಸ್ವಲ್ಪ ಇಳಿಯಿತು. ಬಿರ್ಟೆ ಮುಂದೆ ಬಂದು ಹಿಡಿದುಕೊಂಡಳು.

"ಅಂದ್ರೆ," ಅಂದಳು ಇಂಗೆಲಿಸ್ ನಿಧಾನವಾಗಿ, "ನೀನು ಇಳಿಸಿದ್ದೆಲ್ಲ ಇವಳ ಮೇಲೆ ಹತ್ತಿದೆ."

"ಬೇಡ ಅನ್ನೋಕ್ಕಾಗಲ್ಲ ಇಂಗೆಲಿಸ್... ನಿಂಗೇ ಗೊತ್ತಲ್ಲ, ಇಲ್ಲಿ ಬನ್ನು ಬೇಡ ಅಂದ್ರೆ..."

"ಗೊತ್ತು. ಅವಳಿಗೂ ಅನ್ನೋಕ್ಕಾಗಲಿಲ್ಲ, ನೋಡು." ಇಂಗೆಲಿಸ್ ಜೀನು ಎತ್ತಿ ಪಕ್ಕಕ್ಕಿಟ್ಟಳು. "ಇವಳು ಇಳಿಯೋವರೆಗೂ ಯಾರೂ ಹತ್ತೋ ಹಾಗಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ಬಾ. ಇಲ್ಲಿಂದ ಟೆಂಟಿನವರೆಗೂ ಇವಳನ್ನ ನಡೆಸ್ಕೊಂಡು ಹೋಗು. ಹತ್ತಬೇಡ, ಪಕ್ಕದಲ್ಲಿ ನಡಿ."

"ಟೆಂಟಿಗಾ? ಟೆಂಟಿಗೆ ಯಾಕೆ?"

ಉತ್ತರ ವಿಗ್ಗೋ ಕೊಟ್ಟ. ಅವನು ಹತ್ತಿರ ಬಂದು, ಇಸ್ತ್ರಿ ಮಾಡಿದ ಏಪ್ರನ್ನನ್ನು ಪ್ರೇಬೆನ್‌ನ ಕೊರಳಿಗೆ ಹಾರದ ಹಾಗೆ ಹಾಕಿ, ಹಿಂದಿನಿಂದ ದಾರ ಕಟ್ಟಿದ. ಹೋದ ವರ್ಷ ತನ್ನ ಸೊಂಟಕ್ಕೆ ಕಟ್ಟಿದ್ದ ದಾರ ಇವನ ಇಳಿದ ಸೊಂಟಕ್ಕೆ ಒಂದೂವರೆ ಸುತ್ತು ಬಂತು.

"ನಿಜವಾಗ್ಲೂ ಇಳಿದಿದೀಯ ಕಣೋ," ಅಂದ ಮೆಚ್ಚುಗೆಯಿಂದ. "ನಾಳೆ ಆರಕ್ಕೆ ಅಂದ್ರೆ ಆರಕ್ಕೇ ಬಂದುಬಿಡು. ಬೆಣ್ಣೆ ಇವತ್ತು ರಾತ್ರೀನೇ ಹೊರಗಿಡೋಕೆ ಹೇಳಿರ್ತೀನಿ, ಗಟ್ಟಿ ಇದ್ರೆ ಅಂಚಿಗೆ ಹತ್ತಲ್ಲ. ನಂಗೆ ಅನುಭವ ಇದೆ."

ಟುಲ್ಲೆ ಕೊನೆಯ ಬಿಸ್ಕತ್ತನ್ನು ಮುಗಿಸಿ ಬಂದು, ಏಪ್ರನ್ನಿನ ಜೇಬು ಮೂಸಿ ನೋಡಿತು.

"ನಾಳೆ ಕಣೇ," ಅಂದ ಪ್ರೇಬೆನ್. "ಆರು ಗಂಟೆಗೆ."